ನೀಪ್‌ನ ದೀಪ ಆರಿಸಿದವರು

ನಾಲ್ಕನೇ ತರಗತಿಯಲ್ಲಿ ಓತಿಕೇತವೋ ಹಲ್ಲಿಯೋ ಒಂದನ್ನು ಸಾಕುತ್ತೇವೆ ಎಂದು ಮಿಸ್ ಟಲಕ್ ಹೇಳಿದಾಗ ನಾನು ಏಣಿಯ ಮೇಲೆ ನಿಂತು ಟ್ಯೂಬ್‌ಲೈಟು ಬದಲಿಸುತ್ತಿದ್ದೆ. ಕೆಳಗೆ ಬೀಳದೇ ಉಳಿದದ್ದು ನನ್ನ ಪುಣ್ಯ.

"ಯಾಕೆ, ಮೊಲ ಸಿಗಲಿಲ್ವಾ? ಸ್ಕಾಟ್ಲೆಂಡಲ್ಲಿ ಮೊಲ ಎಲ್ಲ ಮುಗಿದು ಹೋದ್ವಾ?"

"ಮೊಲದ ಕೂದಲು ನಮ್ಮ ಮೂರು ಮಕ್ಕಳಿಗೆ ಆಗಲ್ಲ, ಮಿಸ್ಟರ್ ಇಮ್ರಿ. ಓತಿಗೆ ಕೂದಲೇ ಇಲ್ಲವಲ್ಲ."

"ಕೂದಲು ನನಗೂ ಇಲ್ಲ. ನನ್ನನ್ನೇ ಗಾಜಿನ ಪೆಟ್ಟಿಗೇಲಿ ಕೂರಿಸಿಬಿಡಿ."

ಅವಳು ನಕ್ಕಳು. ನಾನು ನಗಲಿಲ್ಲ. ಪಿಟ್‌ಹೇವನ್ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬೀಗ, ಬಾಯ್ಲರು, ಸೋರುವ ನಲ್ಲಿ, ಕಟ್ಟಿದ ಕಕ್ಕಸು, ಮಕ್ಕಳು ವಾಂತಿ ಮಾಡಿದ ಜಾಗ ಎಲ್ಲ ನನ್ನ ಪಾಲಿಗೇ ಬಂದಿವೆ. ಮಕ್ಕಳು ಹಿಂದಿನಿಂದ ಜ್ಯಾನಿ, ಅಂದರೆ ಜವಾನ, ಅನ್ನುತ್ತಾರೆ, ಎದುರಿಗೆ ಮಿಸ್ಟರ್ ಇಮ್ರಿ. ಇವರು ಏನೇ ತಂದರೂ ಕೊನೆಗೆ ಅದರ ಕಸ ಬಳಿಯುವವನು ನಾನೇ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಯಾವ ಜಾತಿಯದು ಎಂದು ಆರಿಸುವ ದಿನ ನಾನು ಅದೇ ಕೋಣೆಯಲ್ಲಿ ಬಿಸಿನೀರಿನ ಕೊಳವೆ ಬಿಚ್ಚಿಕೊಂಡು ಕೂತಿದ್ದೆ. ಸ್ಟ್ರೂಅನ್ ಎಂಬ ದೊಡ್ಡ ಗಂಟಲಿನ ಹುಡುಗ ಹೆಬ್ಬಾವೇ ಬೇಕು ಎಂದ. ಹೆಬ್ಬಾವು ಬಂದ ದಿನ ಅಡುಗೆಯವರೆಲ್ಲ ಕೆಲಸ ಬಿಡುತ್ತಾರೆ ಎಂದು ಮಿಸ್ ಟಲಕ್ ಅದನ್ನು ಅಲ್ಲಿಗೇ ಬಿಟ್ಟಳು. ಗೋಸುಂಬೆಗೆ ಏಳು ಕೈ ಎದ್ದವು. ಆದರೆ ಅದು ಮುಟ್ಟಿದರೆ ಕೊರಗುವ ಪ್ರಾಣಿಯಂತೆ. ಮುಟ್ಟದೇ ಇರುವ ಮಕ್ಕಳನ್ನು ನಾನು ಈ ಶಾಲೆಯಲ್ಲಿ ಇನ್ನೂ ಕಂಡಿಲ್ಲ. ಕಡೆಗೆ ಮೈಮೇಲೆ ಚುಕ್ಕೆಯಿರುವ ಪುಟ್ಟ ಹಲ್ಲಿಗೆ ಹೆಚ್ಚು ಕೈ ಎದ್ದು, ಇನ್ನೇನು ಅದೇ ಗಟ್ಟಿ ಅನ್ನುವಾಗ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಬಂತು.

"ಮಿಸ್, ಆ ಹಲ್ಲಿ ಹಗಲೆಲ್ಲ ಮಲಗಿರುತ್ತೆ. ಅದು ಏಳೋದು ನಾವೆಲ್ಲ ಮನೆಗೆ ಹೋದ್ಮೇಲೆ. ಆಮೇಲೆ ಒಂಟಿಯಾಗಿ ಆಟ ಆಡ್ಕೊಂಡಿರುತ್ತೆ."

ಎಫಿ ಮೆಕೆಂಡ್ರಿಕ್. ಆಗಸ್ಟಿನಲ್ಲಿ ಅಬರ್ಡೀನ್ ಕಡೆಯಿಂದ ಬಂದು ಸೇರಿದ್ದಳು. ಎಂಟು ವರ್ಷ, ಮೂಗಿನ ಮೇಲೆ ಜಾರುವ ಕನ್ನಡಕ.

"ನಿನ್ ಥರಾನೇ," ಎಂದ ಸ್ಟ್ರೂಅನ್. ಇಡೀ ತರಗತಿ ನಕ್ಕಿತು. ಅವಳು ಕನ್ನಡಕ ಮೇಲೇರಿಸಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿ ಸ್ಪ್ಯಾನರನ್ನು ಕೊಳವೆಗೆ ಒಮ್ಮೆ ಠಣ್ ಎಂದು ಬಡಿದೆ. ನಗು ನಿಂತಿತು. ಅವಳು ಹೇಳಿದ್ದು ನಿಜವೇ ಆಗಿತ್ತು. ಹಾಗಾಗಿ ಹಗಲು ಎಚ್ಚರವಿದ್ದು, ಕೈಗೆ ಬಂದು, ಮಕ್ಕಳ ಗದ್ದಲ ತಡೆದುಕೊಳ್ಳುವ ಗಡ್ಡದ ಓತಿಕೇತವೇ ಗೆದ್ದಿತು. ಗೆಲ್ಲಿಸಿದವಳಿಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ.

ಓತಿಯನ್ನು ಆರಿಸಿ ಬರಲು ಮಿಸ್ ಟಲಕ್ ಜೊತೆ ಅವಳ ಕಾರಿನಲ್ಲಿ ನಾನೂ ಹೋದೆ, ಅದರ ಪೆಟ್ಟಿಗೆ ಕಟ್ಟಬೇಕಾದವನು ನಾನೇ ಅಲ್ಲವೇ. ಕಿರ್ಕಾಲ್ಡಿಯ ಆಚೆ ಸೆಂಗಾ ಡಾಲ್ಗ್ಲೀಶ್ ಎಂಬಾಕೆ ಜನ ಬಿಟ್ಟುಹೋದ ಹಾವು ಹಲ್ಲಿಗಳನ್ನೆಲ್ಲ ತನ್ನ ಗ್ಯಾರೇಜಿನಲ್ಲಿ ಸಾಕುತ್ತಾಳೆ. ಹೆಣ್ಣು ಕೊಡುವ ಮನೆಯವರು ಕೂಡ ಅಷ್ಟು ಪ್ರಶ್ನೆ ಕೇಳುವುದಿಲ್ಲ. ಪೆಟ್ಟಿಗೆ ಎಷ್ಟು ಉದ್ದ, ದೀಪ ಯಾವುದು, ರಜೆಯಲ್ಲಿ ನೋಡುವವರು ಯಾರು, ಮುಟ್ಟುವ ಮೊದಲೂ ಆಮೇಲೂ ಮಕ್ಕಳ ಕೈ ತೊಳೆಸುವವರು ಯಾರು.

"ಮರಿ ಕೊಡಲ್ಲ," ಎಂದಳು. "ಮರಿಗೆ ದಿನಕ್ಕೆ ಮೂರು ಸಲ ಊಟ. ನಿಮ್ಮ ಕೈಲಾಗಲ್ಲ. ದೊಡ್ಡದು ತಗೊಳ್ಳಿ."

ಎರಡನ್ನು ತೋರಿಸಿದಳು. ಒಂದು ಕಿತ್ತಳೆ ಬಣ್ಣದ ಚೆಲುವ, ಆದರೆ ನಮ್ಮನ್ನು ಕಂಡದ್ದೇ ಗಂಟಲಿನ ಗಡ್ಡ ಉಬ್ಬಿಸಿ ಕಪ್ಪಗೆ ಮಾಡಿಕೊಂಡ. ಇನ್ನೊಂದು ಒಣ ಮಣ್ಣಿನ ಬಣ್ಣದ್ದು, ನಾಲ್ಕು ವರ್ಷದ ಗಂಡು. ಸಾಕಿದ್ದ ವಿದ್ಯಾರ್ಥಿ ಊರು ಬಿಟ್ಟು ಹೋಗಿದ್ದ. ಸೆಂಗಾ ಅದರ ಬಾಲದ ಬುಡ ಒತ್ತಿ ತೋರಿಸಿದಳು, ಮಾಂಸ ತುಂಬಿತ್ತು. ಕಣ್ಣು ಹೊಳೆಯುತ್ತಿತ್ತು, ಬೆರಳು ಒಂದೂ ಕಡಿಮೆ ಇರಲಿಲ್ಲ. ಮಿಸ್ ಟಲಕ್‌ಳ ತೋಳಿನ ಮೇಲೆ ಬಿಟ್ಟರೆ ನಿಧಾನಕ್ಕೆ ಹತ್ತಿ ಭುಜದ ಮೇಲೆ ಕೂತು ಕಣ್ಣು ಮುಚ್ಚಿತು. "ಇವನೇ," ಎಂದುಬಿಟ್ಟೆ ನಾನು. ಮಿಸ್ ಟಲಕ್ ನನ್ನತ್ತ ಹೊಸಬನನ್ನು ನೋಡಿದ ಹಾಗೆ ನೋಡಿದಳು.

ಮನೆ ಕಟ್ಟಿದವನೂ ನಾನೇ. ಗ್ರಂಥಾಲಯದ ಹಳೇ ಬೀರು, ನಾಲ್ಕು ಅಡಿ ಉದ್ದ, ಮುಂದೆ ಜಾರುವ ಗಾಜು. ಒಂದು ತುದಿಗೆ ಬಿಸಿ ದೀಪ, ಅದರ ಕೆಳಗೆ ನಲವತ್ತು ಡಿಗ್ರಿ. ಇನ್ನೊಂದು ತುದಿ ತಂಪು, ಅದು ಬೇಕೆಂದಾಗ ಅತ್ತ ಹೋಗಲು. ಮೇಲೆ ಬಿಸಿಲಿನಂಥ ಬೆಳಕಿನ ಟ್ಯೂಬು. ಮರಳು ಬೇಡ, ಹೊಟ್ಟೆಗೆ ಹೋಗುತ್ತದೆ ಎಂದು ಸೆಂಗಾ ಹೇಳಿದ್ದಕ್ಕೆ ಬಚ್ಚಲು ಮನೆಯಲ್ಲಿ ಮಿಕ್ಕಿದ್ದ ಕಲ್ಲಿನ ಬಿಲ್ಲೆ ಹಾಸಿದೆ. ಹತ್ತಲು ಒಂದು ಕೊಂಬೆ ಬೇಕಿತ್ತು. ಸಮುದ್ರದ ದಂಡೆಯಲ್ಲಿ ಸಿಕ್ಕಿದ್ದನ್ನು ತೊಳೆದು, ಹುಳ ಸಾಯಲಿ ಎಂದು ಶಾಲೆಯ ಅಡುಗೆಮನೆಗೆ ಒಯ್ದೆ.

"ನನ್ನ ಒಲೇಲಿ ಸೌದೆ ಬೇಯಿಸ್ತೀಯಾ, ವಾಟಿ?" ಎಂದಳು ಅಡುಗೆಯ ನೆಟ್ಟಾ, ನನ್ನನ್ನು ಹೆಸರು ಹಿಡಿದು ಕರೆಯುವವಳು ಅವಳೊಬ್ಬಳೇ. "ಬೆಂದ್ಮೇಲೆ ಯಾವ ಸಾರಿಗೆ ಹಾಕ್ಲಿ?"

ದೀಪಕ್ಕೆ ಗಡಿಯಾರ ಜೋಡಿಸಿದೆ. ಬೆಳಿಗ್ಗೆ ಏಳಕ್ಕೆ ತಾನೇ ಹೊತ್ತುತ್ತದೆ, ಸಂಜೆ ಏಳಕ್ಕೆ ತಾನೇ ಆರುತ್ತದೆ. ರಾತ್ರಿಗೆ ಒಂದು ಬಿಸಿ ಹಲಗೆ. ಎಲ್ಲದರ ತಂತಿಯೂ ಬಂದು ಸೇರುವುದು ಗೋಡೆಯ ಒಂದೇ ಸ್ವಿಚ್ಚಿಗೆ.

"ಸ್ವಿಚ್ ಮೇಲೆ ಮುಟ್ಟಬೇಡಿ ಅಂತ ಒಂದು ಚೀಟಿ ಅಂಟಿಸೋಣ್ವಾ?" ಎಂದು ಮಿಸ್ ಟಲಕ್ ಕೇಳಿದ್ದಳು.

"ನಾನಿರುವಾಗ ಚೀಟಿ ಯಾಕೆ?" ಎಂದೆ. ನನ್ನ ಕೊಬ್ಬು.

ಬುಧವಾರ ಓತಿ ಬಂತು. ಮಕ್ಕಳು ಓಟು ಹಾಕಿ ಅದಕ್ಕೆ ನೀಪ್ ಎಂದು ಹೆಸರಿಟ್ಟರು. ಇಲ್ಲಿ ಟರ್ನಿಪ್ ಗೆಡ್ಡೆಗೆ ಹಾಗನ್ನುತ್ತಾರೆ, ಬಣ್ಣವೂ ಹೊಂದುತ್ತಿತ್ತು. ಮೊದಲ ವಾರ ಅದರ ಪಾಡಿಗೆ ಬಿಡಿ, ಎತ್ತಬೇಡಿ, ಗಾಜಿಗೆ ಮೂಗು ಒತ್ತಬೇಡಿ, ಶನಿವಾರ ಭಾನುವಾರಕ್ಕೆ ಸೊಪ್ಪು ಇಟ್ಟು ಹೋದರೆ ಸಾಕು ಎಂದು ಸೆಂಗಾ ಕಟ್ಟಪ್ಪಣೆ ಮಾಡಿದ್ದಳು. ಎರಡು ದಿನ ಊಟ ಇಲ್ಲದಿದ್ದರೂ ನಡೆಯುತ್ತದೆ, ಬಿಸಿ ಇಲ್ಲದೆ ನಡೆಯುವುದಿಲ್ಲ ಎಂದೂ ಹೇಳಿದ್ದಳು.

ಇನ್ನು ಹಸಿರು ಪಟ್ಟಿಯ ವಿಷಯ ಹೇಳಬೇಕು. ವಿದ್ಯುತ್ತು ಉಳಿಸುವ ಶಾಲೆಗಳಿಗೆ ಒಂದು ಹಸಿರು ಬಾವುಟ ಕೊಡುತ್ತಾರೆ. ಕಳೆದ ಸಲ, ನಾಲ್ಕು ವರ್ಷದ ಹಿಂದೆ, ಪರೀಕ್ಷೆಗೆ ಬಂದಾಕೆ ನಮ್ಮಲ್ಲಿ ಒಂದು ಜೆರಾಕ್ಸ್ ಯಂತ್ರ ಸುಮ್ಮನೆ ಉರಿಯುವುದು ಕಂಡು ಬಾವುಟ ಕೊಡದೇ ಹೋಗಿದ್ದಳು. ಹೆಡ್ ಮಿಸ್ಟ್ರೆಸ್ ಆಕ್ಟರ್‌ಲೋನಿಗೆ ಅವತ್ತು ಆದ ಅವಮಾನ ನನಗೂ ಆಗಿತ್ತು. ಅದಕ್ಕೇ ಐದು ಮಕ್ಕಳ ತಂಡ ಕಟ್ಟಿ, ಹೆಗಲಿಗೆ ಹಸಿರು ಪಟ್ಟಿ ಹಾಕಿಸಿ, ಪ್ರತಿ ಶುಕ್ರವಾರ ಮನೆಗೆ ಹೋಗುವ ಮುಂಚೆ ಶಾಲೆಯ ಸ್ವಿಚ್ಚುಗಳನ್ನೆಲ್ಲ ಆರಿಸುವ ಕೆಲಸ ಹಚ್ಚಿದ್ದೆ. ಆರಿಸಿದ್ದಕ್ಕೆ ಗುರುತಾಗಿ ಒಂದೊಂದು ಹಸಿರು ಸ್ಟಿಕ್ಕರು, ಅದರ ಮೇಲೆ ಆರಿಸಿದವರ ಹೆಸರಿನ ಮೊದಲ ಅಕ್ಷರ. ಎಫಿಯನ್ನು ತಂಡಕ್ಕೆ ಸೇರಿಸಿಕೊಂಡವನು ನಾನು. ಊಟದ ಹೊತ್ತಿನಲ್ಲಿ ಗೋಡೆ ಪಕ್ಕ ನಿಂತು ಇಟ್ಟಿಗೆ ಎಣಿಸುವ ಮಗುವಿಗೆ ಒಂದು ಪಟ್ಟಿಯಾದರೂ ಇರಲಿ ಅನ್ನಿಸಿತ್ತು.

ಆ ಶುಕ್ರವಾರ ನನ್ನ ದವಡೆ ಹಲ್ಲು ಪ್ರಾಣ ಹಿಂಡುತ್ತಿತ್ತು. ಎರಡೂವರೆಗೆ ಪಕ್ಕದ ಊರು ಕೂಪರ್‌ನಲ್ಲಿ ಹಲ್ಲಿನ ಡಾಕ್ಟರು. ಹೊರಡುವ ಮುಂಚೆ ಐದೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ.

"ಇವತ್ತು ನಾನಿಲ್ಲ, ನೀವೇ ರಾಜರು. ಗುರುವಾರ ಬಾವುಟದವಳು ಬರ್ತಾಳೆ. ಒಂದು ಸ್ವಿಚ್ಚೂ ಉಳೀಬಾರ್ದು."

"ಎಲ್ಲಾನೂ, ಮಿಸ್ಟರ್ ಇಮ್ರಿ?" ಎಂದು ಕೇಳಿದ್ದು ಎಫಿ.

"ಎಲ್ಲಾ ಅಂದ್ರೆ ಎಲ್ಲಾ. ಟೀಚರೇ ಬಂದು ಬೇಡ ಅಂದ್ರೂ ಕೇಳ್ಬೇಡಿ."

ಕೆನ್ನೆ ಒತ್ತಿ ಹಿಡಿದುಕೊಂಡು ಹೊರಟುಬಿಟ್ಟೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ನಾಲ್ಕನೇ ತರಗತಿಯ ಬಾಗಿಲು ತೆಗೆದಾಗ ಒಳಗೆ ಕತ್ತಲಿತ್ತು. ದೀಪ ಹೊತ್ತಿರಬೇಕಾದ ಹೊತ್ತು ಅದು.  ಶಾಲೆ ನಡೆಸುವ ಕೌನ್ಸಿಲ್‌ನವರು ಶುಕ್ರವಾರ ಮೂರಕ್ಕೇ ಕೊಳವೆಗಳನ್ನು ತಣ್ಣಗೆ ಮಾಡಿಬಿಡುತ್ತಾರೆ, ನವೆಂಬರಿನ ಸಮುದ್ರದ ಗಾಳಿ ಎರಡು ಹಗಲು ಮೂರು ರಾತ್ರಿ ಆ ಗೋಡೆಗೆ ಬಡಿದಿತ್ತು. ಪೆಟ್ಟಿಗೆಯ ಥರ್ಮಾಮೀಟರು ಏಳು ಡಿಗ್ರಿ ತೋರಿಸುತ್ತಿತ್ತು.

ನೀಪ್ ಕಲ್ಲಿನ ಬಿಲ್ಲೆಯ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಮೈ ಕಪ್ಪಾಗಿತ್ತು. ಕಣ್ಣು ಮುಚ್ಚಿತ್ತು. ಎತ್ತಿದರೆ ಕಾಲುಗಳು ಇದ್ದ ಹಾಗೇ ಸೆಟೆದು ನಿಂತವು. ಸತ್ತ ಮೀನನ್ನು ಎತ್ತಿದಷ್ಟು ತಣ್ಣಗೆ. ಶಾಲೆಗೆ ಬರುವ ಮುಂಚೆ ಹದಿನೈದು ವರ್ಷ ದೋಣಿಯಲ್ಲಿ ದುಡಿದವನು ನಾನು, ಸತ್ತದ್ದನ್ನು ಮುಟ್ಟಿ ಹೆದರಿದವನಲ್ಲ. ಆದರೂ ಒಪ್ಪಲು ಮನಸ್ಸು ಬರಲಿಲ್ಲ. ಕರೆದೆ, ಹೊಟ್ಟೆ ತಟ್ಟಿದೆ, ಬಾಯಿ ಹತ್ತಿರ ಕೈಗನ್ನಡಿ ಹಿಡಿದೆ. ಏನೂ ಇಲ್ಲ.

ಆಮೇಲೆ ಗೋಡೆಯ ಸ್ವಿಚ್ಚು ನೋಡಿದೆ. ಆರಿಸಿತ್ತು. ಅದರ ಮೇಲೆ ಒಂದು ಹಸಿರು ಸ್ಟಿಕ್ಕರು, ನೆಟ್ಟಗೆ, ಗುಳ್ಳೆಯಿಲ್ಲದೆ ಅಂಟಿಸಿದ್ದು. ಎಫಿಯ ಅಕ್ಷರ.

 ಎಂಟು ವರ್ಷದ ಮಗು. ಈ ತರಗತಿಯಲ್ಲಿ ಅವಳ ಹೆಸರು ಹಿಡಿದು ಕರೆಯುವವರು ಇಲ್ಲ. ನಾಳೆಯಿಂದ ಕರೆಯುತ್ತಾರೆ, ನೀಪನ್ನು ಕೊಂದವಳು ಎಂದು. ಹೈಸ್ಕೂಲು ಮುಗಿಯುವ ತನಕ ಕರೆಯುತ್ತಾರೆ. ಸಣ್ಣ ಊರಿನ ಮಕ್ಕಳು ಎಂಥವರು ಎಂದು ನನಗೆ ಗೊತ್ತು, ನಾನೂ ಇದೇ ಊರಿನ ಮಗು. ಹೊರಗೆ ಮಿಸ್ ಟಲಕ್‌ಳ ಕಾರಿನ ಬಾಗಿಲು ಸದ್ದಾಯಿತು. ಉಗುರು ಹಾಕಿ ಸ್ಟಿಕ್ಕರನ್ನು ಕೆರೆದು ಬಾಯಿಗೆ ಹಾಕಿಕೊಂಡೆ. ನುಂಗಿದೆ. ಆ ಗಳಿಗೆಯಲ್ಲಿ ಬೇರೆ ಏನೂ ಹೊಳೆಯಲಿಲ್ಲ.

ಮಿಸ್ ಟಲಕ್ ಬಾಗಿಲಲ್ಲೇ ಗರಬಡಿದವಳಂತೆ ನಿಂತಳು. ಆಮೇಲೆ ಮಕ್ಕಳ ಕುರ್ಚಿಯ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. "ಮಕ್ಕಳಿಗೆ ಏನಂತ ಹೇಳ್ಲಿ?" ಎಂದು ಅದನ್ನೇ ನಾಲ್ಕು ಸಲ ಕೇಳಿದಳು.

ಹೇಳಿದ್ದು ನಾನು. ಒಂಬತ್ತಕ್ಕೆ ಇಪ್ಪತ್ತಮೂರು ಮಕ್ಕಳು ಗಾಜಿನ ಮುಂದೆ ನಿಂತು ಖಾಲಿ ಪೆಟ್ಟಿಗೆ ನೋಡುತ್ತಿದ್ದರು. ಮೇಜಿನ ಮೇಲೆ ಒಂದು ಶೂ ಡಬ್ಬ. ಯಾರೋ ಅಳಲು ಶುರು ಮಾಡಿದರು. ಸ್ಟ್ರೂಅನ್ ಅಳಲಿಲ್ಲ, ಸುತ್ತ ನೋಡಿದ.

"ದೀಪ ಆರಿಸಿದ್ದು ಯಾರು? ಹಸಿರು ಪಟ್ಟಿಯವ್ರೇ ಇರ್ಬೇಕು."

ಎಫಿಯ ಮುಖ ಸುಣ್ಣದ ಹಾಗಾಗಿತ್ತು. ಬಾಯಿ ತೆರೆದಳು. ಅವಳ ಬಾಯಿಂದ ಮಾತು ಬರುವ ಮೊದಲು ನನ್ನ ಬಾಯಿಂದ ಬಂದಿತು.

"ನಾನು. ಶುಕ್ರವಾರ ಸಂಜೆ ಬಂದಿದ್ದೆ. ಅಭ್ಯಾಸಬಲದಲ್ಲಿ ನಾನೇ ಆರಿಸಿಬಿಟ್ಟೆ. ಬೇರೆ ಯಾರ ತಪ್ಪೂ ಅಲ್ಲ."

 ಮಿಸ್ ಟಲಕ್ ಬಾಯಿಗೆ ಕೈ ಇಟ್ಟುಕೊಂಡಳು. ಎಫಿ ನನ್ನನ್ನೇ ನೋಡುತ್ತಿದ್ದಳು, ಕಣ್ಣು ಪಿಳುಕಿಸದೆ. ಹಿಂದಿನಿಂದ ಒಂದು ಹುಡುಗಿ, ಮುದ್ದು ಮುಖದವಳು, ದಿನಾ ನನಗೆ ಗುಡ್ ಮಾರ್ನಿಂಗ್ ಹೇಳುವವಳು, ಸ್ಪಷ್ಟವಾಗಿ ಹೇಳಿದಳು: "ಕೊಲೆಗಾರ."

ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೊಳಗೆ ಒಂದು ಹೆಮ್ಮೆಯೂ ಇತ್ತು. ಮಗುವನ್ನು ಉಳಿಸಿದೆ ಎಂಬ ಹೆಮ್ಮೆ.

ಹತ್ತೂವರೆಗೆ ಹೂತೆವು. ಶಾಲೆಯ ಹಿತ್ತಿಲಲ್ಲಿ ಮಕ್ಕಳು ಬೆಳೆದ ಎಲೆಕೋಸಿನ ಪಾತಿ ಇದೆ, ಅಲ್ಲಿ. ಗುಂಡಿ ತೋಡಿದವನು ನಾನೇ, ಕೊಲೆಗಾರನೇ ಗುಂಡಿಯನ್ನೂ ತೋಡಲಿ ಎಂದು ಸ್ಟ್ರೂಅನ್ ಗೊಣಗಿದ. ಡಬ್ಬದೊಳಗೆ ಒಣಹುಲ್ಲು ಹಾಸಿ, ತೂತಾದ ಕೈಗವಸು ಹೊದಿಸಿ, ಮೇಲೆ ಚಿತ್ರಗಳನ್ನಿಟ್ಟಿದ್ದರು. ಆಕ್ಟರ್‌ಲೋನಿ ಎರಡು ಒಳ್ಳೆಯ ಮಾತು ಹೇಳಿದರು, ನನ್ನ ಮುಖ ನೋಡದೆ. ಪ್ರಾರ್ಥನೆಯಾಯಿತು, ಎಲ್ಲರೂ ಒಂದು ಹಾಡು ಹೇಳಿದರು. ಮಕ್ಕಳು ನನ್ನಿಂದ ನಾಲ್ಕು ಮಾರು ದೂರ ಅರ್ಧ ಸುತ್ತಾಗಿ ನಿಂತಿದ್ದರು. ಎಫಿ ಮಾತ್ರ ಆ ನಾಲ್ಕು ಮಾರು ದಾಟಿ ಬಂದು ನನ್ನ ಪಕ್ಕ ನಿಂತು ನನ್ನ ಕೈ ಹಿಡಿದುಕೊಂಡಳು. ಪಾಪ, ಹೆದರಿದೆ, ನನ್ನ ಆಸರೆ ಬೇಕಾಗಿದೆ ಅಂದುಕೊಂಡೆ. ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದೆ.

ಹನ್ನೆರಡೂವರೆಗೆ ಆಫೀಸಿನ ಫೋನು ಬಡಿದುಕೊಂಡಿತು. ಗುಮಾಸ್ತೆ ಊಟಕ್ಕೆ ಹೋಗಿದ್ದಳು, ನಾನು ಎತ್ತಿದೆ. ಸೆಂಗಾ ಡಾಲ್ಗ್ಲೀಶ್. ಮೊದಲ ವಾರಾಂತ್ಯ ಹೇಗಾಯಿತು ಎಂದು ವಿಚಾರಿಸಲು ಫೋನು ಮಾಡಿದ್ದಳು. ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿಕೊಂಡೇ ಹೇಳಿದೆ. 

"ಕಾಯಿಸಿ ನೋಡಿದ್ರಾ?" ಎಂದಳು.

"ಏನು?"

"ಬೆಚ್ಚಗೆ ಮಾಡಿ ನೋಡಿದ್ರಾ ಅಂತ. ಥಂಡಿ ಹಿಡಿದ ಓತಿ ಹೆಣದ ಥರಾನೇ ಇರುತ್ತೆ. ಉಸಿರು ಗಂಟೆಗೊಂದು ಸಲ ಬಂದ್ರೆ ಬಂತು. ಬೆಚ್ಚಗಾದ್ಮೇಲೂ ಏಳ್ಲಿಲ್ಲ ಅಂದ್ರೆ ಆಗ ಸತ್ತಿದೆ ಅನ್ನಬೇಕು, ಅಲ್ಲೀತನಕ ಯಾರೂ ಹೇಳಬಾರ್ದು. ಎಲ್ಲಿದೆ ಈಗ?"

ನಾನು ಕಿಟಕಿಯಿಂದ ಹಿತ್ತಿಲ ಕಡೆ ನೋಡಿದೆ.

"ಎಲೆಕೋಸಿನ ಪಾತೀಲಿ," ಎಂದೆ.

"ಪಾತೀಲಿ ಅಂದ್ರೆ?"

"ಮಣ್ಣಲ್ಲಿ, ಅಮ್ಮಾ. ಹೂತಿದೀವಿ."

ಅವಳು ಏನೋ ಅಂದಳು. ಅದು ಬರೆಯುವಂಥದ್ದಲ್ಲ. ನಾನು ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದೆ. ಅರವತ್ತೊಂದು ವರ್ಷದ ಮೊಣಕಾಲು ಓಡಬಲ್ಲದು ಎಂದು ಅವತ್ತೇ ಗೊತ್ತಾಯಿತು. ಊಟದ ಬಿಡುವು, ಶಾಲೆಗೆ ಶಾಲೆಯೇ ಅಂಗಳದಲ್ಲಿತ್ತು. ಅವರ ಕಣ್ಣೆದುರು ಪಾತಿಯಲ್ಲಿ ಮಂಡಿಯೂರಿ ಬರಿಗೈಯಲ್ಲಿ ಮಣ್ಣು ಬಗೆದೆ. "ಜ್ಯಾನಿಗೆ ಹುಚ್ಚು ಹಿಡೀತು, ಹೆಣ ತೆಗೀತಿದಾನೆ," ಎಂದು ಯಾರೋ ಕಿರುಚಿದರು. ಸಣ್ಣ ಮಕ್ಕಳು ಹೋ ಎಂದು ಅತ್ತರು. ಎರಡು ಗಂಟೆ ಹೊತ್ತು ಒಂದು ಜೀವವನ್ನು ನಾನು ಮಣ್ಣಿನ ಕೆಳಗೆ ಇಟ್ಟಿದ್ದೆ. ಅದೂ ಪ್ರಾರ್ಥನೆ ಮಾಡಿ. 

ಡಬ್ಬ ತೆಗೆದೆ. ನೀಪ್ ಇಟ್ಟ ಹಾಗೇ ಇತ್ತು. ಅಂಗಿಯ ಗುಂಡಿ ಬಿಚ್ಚಿ ಅದನ್ನು ಬರಿ ಎದೆಗೆ ಹಾಕಿಕೊಂಡು ಬಾಯ್ಲರ್ ಕೋಣೆಗೆ ನಡೆದೆ. ಫೋನಿನಲ್ಲಿ ಇನ್ನೂ ಕೂಗುತ್ತಿದ್ದ ಸೆಂಗಾಳ ಮಾತು ಕೇಳಿಕೊಂಡು ಮಿಸ್ ಟಲಕ್ ಹಿಂದೆಯೇ ಓಡಿ ಬಂದಳು. "ಬಾಯ್ಲರ್ ಹತ್ರ ಹಿಡೀಬೇಡಿ, ಸುಟ್ಟುಹೋಗುತ್ತೆ. ನಿಧಾನಕ್ಕೆ ಕಾಯಬೇಕಂತೆ. ಮೈ ಶಾಖ ಸಾಕಂತೆ."

ಕೂತೆವು. ಐಸಿನ ತುಂಡನ್ನು ಎದೆಗೆ ಕಟ್ಟಿಕೊಂಡ ಹಾಗಿತ್ತು.  ಗಡಿಯಾರ ಒಂದು ದಾಟಿತು, ಒಂದೂ ಕಾಲು ದಾಟಿತು. ಒಂದೂವರೆಯ ಹೊತ್ತಿಗೆ ಎದೆಯ ಎಡಗಡೆ ಏನೋ ಪರಚಿತು.

ನಾನು ಉಸಿರು ಹಿಡಿದೆ. ಇನ್ನೊಮ್ಮೆ ಪರಚಿತು. ಒಂದೇ ಉಗುರು, ಮೆಲ್ಲಗೆ.

"ಏನಾಯ್ತು? ಯಾಕೆ ಹಾಗೆ ನೋಡ್ತಿದೀರಾ?" ಎಂದಳು ಅವಳು.

"ಕಾಲಾಡಿಸ್ತಿದೆ," ಎಂದೆ.  ಗಂಡಸು ಅಳಬಾರದು ಅನ್ನುವ ಕಾಲದಲ್ಲಿ ಬೆಳೆದವನು ನಾನು. ಅವತ್ತು ಅದೆಲ್ಲ ನೆನಪಿಗೆ ಬರಲಿಲ್ಲ.

ಎರಡೂವರೆಗೆ ನೀಪ್ ತನ್ನ ದೀಪದ ಕೆಳಗೆ ಕೂತು ಒಂದು ಕಣ್ಣು ತೆರೆಯಿತು. ನಾಲ್ಕನೇ ತರಗತಿಯವರೆಲ್ಲ ಓಡಿ ಬಂದರು. ಬಾಯಿ ಬಿಟ್ಟುಕೊಂಡು ಗಾಜಿನ ಮುಂದೆ ನಿಂತಿದ್ದರು. ಹೂಳುವಾಗ ಹಾಡು ಹೇಳಿದ್ದವರು ಅವರೇ.

"ನೀವೇ ಕೊಂದ್ರಿ, ನೀವೇ ಬದುಕಿಸಿದ್ರಿ," ಎಂದ ಸ್ಟ್ರೂಅನ್ ಕೊನೆಗೆ. "ಹಾಗಾದ್ರೆ ಲೆಕ್ಕ ಚುಕ್ತಾ, ಮಿಸ್ಟರ್ ಇಮ್ರಿ."

ಮೂರೂವರೆಗೆ ಶಾಲೆ ಖಾಲಿಯಾಯಿತು. ನಾನು ಬಾಯ್ಲರ್ ಕೋಣೆಯ ಪಕ್ಕದ ನನ್ನ ಗೂಡಿನಲ್ಲಿ ಕೂತು ಚಹಾ ಕಾಯಿಸುತ್ತಿದ್ದೆ. ಎಫಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಹಸಿರು ಪಟ್ಟಿಯನ್ನು ಮಡಚಿ ಕೈಯಲ್ಲಿ ಹಿಡಿದಿದ್ದಳು.

"ಬಾ ಪುಟ್ಟಿ. ಅಮ್ಮ ಬಂದಿಲ್ವಾ?"

"ಗೇಟ್ ಹತ್ರ ಇದಾರೆ. ಎರಡು ನಿಮಿಷ ಅಂತ ಹೇಳಿ ಬಂದೆ."

ಇವಳ ಎದೆಯ ಭಾರ ಇಳಿಸಬೇಕು ಅನ್ನಿಸಿತು. ದನಿ ತಗ್ಗಿಸಿ ಹೇಳಿದೆ: "ನೋಡು, ನೀನು ಏನೂ ಯೋಚ್ನೆ ಮಾಡ್ಬೇಡ. ಸ್ಟಿಕ್ಕರ್ ನಾನು ತೆಗೆದುಬಿಟ್ಟೆ. ನೀಪ್‌ನ ದೀಪ ನೀನು ಆರಿಸಿದ್ದು ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗೋದೂ ಇಲ್ಲ."

ಅವಳು ಕನ್ನಡಕ ಮೇಲೇರಿಸಿದಳು. ಅರ್ಥವಾಗದವಳ ಮುಖ.

"ನಿಮಗೆ ಗೊತ್ತಲ್ಲ," ಎಂದಳು. "ನಾನೇ ನಿಮಗೆ ಬರೆದಿದ್ನಲ್ಲ."

"ಏನು ಬರೆದಿದ್ದೆ?"

"ಶುಕ್ರವಾರದ ಹಾಳೇಲಿ. ಕೆಳಗಡೆ. ನಿಮ್ಮ ಬಾಗಿಲ ಟ್ರೇಲಿ ಇಟ್ಟಿದ್ದೆ."

ಆರಿಸಿದ ಸ್ವಿಚ್ಚುಗಳಿಗೆ ಗುರುತು ಹಾಕಿ ಐದೂ ಮಕ್ಕಳು ಪ್ರತಿ ವಾರ ಒಂದೊಂದು ಹಾಳೆ ಇಟ್ಟು ಹೋಗುತ್ತಾರೆ. ಈ ಶುಕ್ರವಾರವೂ ಇಟ್ಟಿದ್ದರು. ಐದು ಗಂಟೆಗೆ ಅರ್ಧ ಮುಖ ಮರಗಟ್ಟಿಸಿಕೊಂಡು ಬಂದವನು ಟ್ರೇಯಲ್ಲಿದ್ದದ್ದನ್ನು ಬಾಚಿ ಡ್ರಾಯರಿಗೆ ತುರುಕಿ, ಮುಂಬಾಗಿಲಿಗೆ ಬೀಗ ಹಾಕಿ, ಮನೆಗೆ ಹೋಗಿ ಮಲಗಿದ್ದೆ. ಈಗ ಡ್ರಾಯರು ಎಳೆದೆ. ಮೇಲಿನಿಂದ ಮೂರನೆಯದು ಅವಳದು. ಗುರುತುಗಳ ಕೆಳಗೆ ದುಂಡಗಿನ ಅಕ್ಷರದಲ್ಲಿ ಇತ್ತು:

"ಮಿಸ್ಟರ್ ಇಮ್ರಿ, ನೀವು ಎಲ್ಲಾ ಅಂದಿದ್ದಕ್ಕೆ ನೀಪ್‌ದೂ ಆರಿಸಿದ್ದೇನೆ. ಆದರೆ ಅದಕ್ಕೆ ಚಳಿ ಆಗುತ್ತೆ ಅನ್ನಿಸುತ್ತೆ. ಮಿಸ್‌ನ ಕೇಳೋಣ ಅಂದರೆ ನೀವು ಟೀಚರ ಮಾತು ಕೇಳಬೇಡಿ ಅಂದಿದ್ದಿರಿ. ಬೀಗ ಹಾಕೋ ಮುಂಚೆ ದಯವಿಟ್ಟು ಅದನ್ನ ಹೊತ್ತಿಸಿ. ಎಫಿ."

ಎರಡು ಸಲ ಓದಿದೆ. ಅಕ್ಷರಗಳು ಕದಲಿದವು. ಬೆಳಿಗ್ಗೆ ಇಪ್ಪತ್ತಮೂರು ಮಕ್ಕಳ ಮುಂದೆ ದೊಡ್ಡ ಮನುಷ್ಯನ ಹಾಗೆ ಎದೆ ಉಬ್ಬಿಸಿ ಹೇಳಿದ ಸುಳ್ಳು ಸುಳ್ಳೇ ಆಗಿರಲಿಲ್ಲ. ನನ್ನ ತಪ್ಪನ್ನೇ ನಾನು ದಾನ ಕೊಟ್ಟವನ ಹಾಗೆ ಮೆರೆದಿದ್ದೆ.

"ನೀವು ಮರೆತುಬಿಟ್ರಿ ಅಂತ ನಂಗೆ ಗೊತ್ತಾಯ್ತು," ಎಂದಳು ಎಫಿ. "ಹಲ್ಲು ನೋವಿತ್ತಲ್ಲ. ಅದಕ್ಕೇ ನಾನು ಯಾರ ಹತ್ರಾನೂ ಹಾಳೆ ವಿಷಯ ಎತ್ಲಿಲ್ಲ. ಗೊತ್ತಾದ್ರೆ ನಿಮ್ಮನ್ನ ಕೆಲಸದಿಂದ ತೆಗೀತಾರೆ ಅಂತ ಸ್ಟ್ರೂಅನ್ ಹೇಳ್ತಿದ್ದ. ನೀವೇನೂ ಹೆದರ್ಕೋಬೇಡಿ. ನಾನು ಹೇಳಲ್ಲ."

ಇಡೀ ದಿನ ಈ ಮಗು ನನ್ನನ್ನು ಕಾಪಾಡಿತ್ತು. ನಾನು ಅದನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮರೆತೆ ಎಂದು ಒಪ್ಪಿಕೊಂಡು ಬೆನ್ನು ತಟ್ಟಿ ಕಳಿಸಿಬಿಡಬಹುದಿತ್ತು. ಮರೆವು ಯಾರಿಗಿಲ್ಲ. ಆದರೆ ಅದು ಸುಳ್ಳಾಗುತ್ತಿತ್ತು.

"ಮರೆತದ್ದಲ್ಲ, ಎಫಿ. ನಾನು ಓದಲೇ ಇಲ್ಲ."

"ಹಲ್ಲು ನೋವಿಗಾ?"

"ಅಲ್ಲ. ನಾನು ಯಾವತ್ತೂ ಓದಲ್ಲ. ನಾಲ್ಕು ವರ್ಷದಿಂದ ಒಂದೂ ಹಾಳೆ ಓದಿಲ್ಲ. ತಗೊಂಡು ಡ್ರಾಯರಿಗೆ ಹಾಕ್ತೀನಿ, ಅಷ್ಟೇ."

ನೀಪ್ ಸತ್ತಿದೆ ಎಂದಾಗಲೂ ಅವಳ ಮುಖ ಹಾಗಾಗಿರಲಿಲ್ಲ.  ಡ್ರಾಯರಿನೊಳಗಿನ ಕಟ್ಟನ್ನು ನೋಡಿದಳು, ಆಮೇಲೆ ನನ್ನನ್ನು.

"ಒಂದೂ?" ಎಂದಳು. "ಸೆಪ್ಟೆಂಬರಿಂದೂ ಇಲ್ವಾ?"

ನನಗೆ ಅರ್ಥವಾಗಲಿಲ್ಲ. ಕಟ್ಟನ್ನು ಹೊರಗೆ ತೆಗೆದು ಅವಳ ದುಂಡಗಿನ ಅಕ್ಷರದವುಗಳನ್ನು ಬೇರೆ ಮಾಡಿದೆ. ಹತ್ತು ಹಾಳೆ ಇದ್ದವು. ಹತ್ತರಲ್ಲೂ ಗುರುತುಗಳ ಕೆಳಗೆ ನಾಲ್ಕೈದು ಸಾಲು ಇತ್ತು. ಎಲ್ಲಕ್ಕಿಂತ ಕೆಳಗಿದ್ದ ಸೆಪ್ಟೆಂಬರಿನದನ್ನು ಎತ್ತಿಕೊಂಡೆ.

"ಮಿಸ್ಟರ್ ಇಮ್ರಿ, ಕಂಪ್ಯೂಟರ್ ಕೋಣೆ ಪೂರ್ತಿ ಆರಿಸಿದ್ದೇನೆ. ಈ ವಾರ ಊಟದ ಹೊತ್ತಲ್ಲಿ ನನ್ನ ಹತ್ತಿರ ಯಾರೂ ಕೂತುಕೊಳ್ಳಲಿಲ್ಲ. ನಿಮಗೆ ಪುರುಸೊತ್ತಿದ್ದರೆ ಸೋಮವಾರ ನಾನು ನಿಮ್ಮ ಗೂಡಿನಲ್ಲಿ ಊಟ ಮಾಡಬಹುದಾ? ಆಗಲ್ಲ ಅಂದರೆ ಉತ್ತರ ಬರೆಯೋದು ಬೇಡ, ನನಗೆ ಗೊತ್ತಾಗುತ್ತೆ."